ಗೀಸರ್ ಬಚ್ಚಲ ಹೊರಗಿರಲಿ

ಸ್ನಾನಕ್ಕೆ ಹೋದವರು ಎಷ್ಟು ಹೊತ್ತಾದರೂ ಹೊರಗೆ ಬರಲಿಲ್ಲ. ಬಾಗಿಲು ಬಡಿದರೆ ಉತ್ತರವಿಲ್ಲ. ಒಡೆದು ನೋಡಿದರೆ ನೆಲದ ಮೇಲೆ ಬಿದ್ದಿದ್ದರು. ಇಂಥ ಸುದ್ದಿ ಪತ್ರಿಕೆಗಳ ಒಳಪುಟದಲ್ಲಿ ವರ್ಷ ವರ್ಷವೂ ಬರುತ್ತದೆ. 2023ರ ಜೂನ್‌ನಲ್ಲಿ ಬೆಂಗಳೂರಿನ ಚಿಕ್ಕಜಾಲ ಪೊಲೀಸ್ ಠಾಣೆ ವ್ಯಾಪ್ತಿಯಲ್ಲಿ ಒಬ್ಬ ಯುವಕ, ಒಬ್ಬ ಯುವತಿ ಹೀಗೆ ಜೀವ ಕಳೆದುಕೊಂಡರು. 2025ರ ಅಕ್ಟೋಬರ್‌ನಲ್ಲಿ ಮೈಸೂರು ಜಿಲ್ಲೆಯ ಪಿರಿಯಾಪಟ್ಟಣದಲ್ಲಿ ಅಕ್ಕ ತಂಗಿ ಇಬ್ಬರೂ ಒಂದೇ ದಿನ ತೀರಿಕೊಂಡರು. ಎರಡೂ ಕಡೆ ಕೇಳಿಬಂದದ್ದು ಗ್ಯಾಸ್ ಗೀಸರ್‌ನ ಹೆಸರು.

ಇಂಥ ಸುದ್ದಿಗಳಲ್ಲಿ ಸಾಮಾನ್ಯವಾಗಿ ಕಾಣುವ ವಿವರಣೆ, ಗೀಸರ್‌ನಿಂದ ಅನಿಲ ಸೋರಿತು ಎಂಬುದು. ಅದನ್ನು ಓದಿದವರು ಮರುದಿನ ತಮ್ಮ ಮನೆಯ ಗ್ಯಾಸ್ ಪೈಪಿಗೆ ಸೋಪಿನ ನೊರೆ ಹಚ್ಚಿ ನೋಡುತ್ತಾರೆ. ಗುಳ್ಳೆ ಏಳುವುದಿಲ್ಲ. ವಾಸನೆಯೂ ಇಲ್ಲ. ನಮ್ಮ ಮನೆಯದು ಸರಿಯಾಗಿದೆ ಎಂದುಕೊಂಡು ಅದೇ ಬಚ್ಚಲಿಗೆ, ಅದೇ ಬಾಗಿಲು ಹಾಕಿಕೊಂಡು ಸ್ನಾನಕ್ಕೆ ಹೋಗುತ್ತಾರೆ. ಈ ನೆಮ್ಮದಿಯೇ ಅಪಾಯಕಾರಿ. ಮುಚ್ಚಿದ ಬಚ್ಚಲಿನಲ್ಲಿ ಗ್ಯಾಸ್ ಗೀಸರ್‌ನಿಂದ ಜೀವ ಹೋಗಲು ಅನಿಲ ಸೋರಲೇಬೇಕೆಂದಿಲ್ಲ. ಪೈಪು, ರೆಗ್ಯುಲೇಟರು, ವಾಲ್ವು ಎಲ್ಲವೂ ಗಟ್ಟಿಯಾಗಿದ್ದು, ಬರ್ನರ್ ಚೆನ್ನಾಗಿ ಉರಿಯುತ್ತಿದ್ದರೂ ಸಾಕು. ಕೊಲ್ಲುವುದು ಬಹುತೇಕ ಸುಡದೆ ಹೊರಬಂದ ಗ್ಯಾಸ್ ಅಲ್ಲ, ಗಾಳಿ ಸಾಲದೆ ಅರೆಬರೆ ಸುಟ್ಟ ಗ್ಯಾಸ್.

ಹಂಡೆಯ ಜಾಗಕ್ಕೆ ಬಂದ ಪೆಟ್ಟಿಗೆ

ದೀಪಾವಳಿಯ ಮೊದಲ ದಿನ ನೀರು ತುಂಬುವ ಹಬ್ಬ. ಹಂಡೆಯನ್ನು ತಿಕ್ಕಿ ತೊಳೆದು, ಸುಣ್ಣ ಕೆಮ್ಮಣ್ಣು ಬಳಿದು, ಕೊರಳಿಗೆ ಬಳ್ಳಿ ಸುತ್ತಿ, ಬೆಳಗಿನ ಜಾವದ ಎಣ್ಣೆಸ್ನಾನಕ್ಕೆ ನೀರು ತುಂಬಿಡುವ ಪದ್ಧತಿ ಇಂದಿಗೂ ಅನೇಕ ಮನೆಗಳಲ್ಲಿದೆ. ಹಂಡೆಯ ಒಲೆಯೂ ಬೆಂಕಿಯೇ, ಅದರಿಂದಲೂ ವಿಷಾನಿಲ ಬರುತ್ತಿತ್ತು. ಆದರೆ ಆ ಒಲೆಯ ಬಾಯಿ ಎಷ್ಟೋ ಮನೆಗಳಲ್ಲಿ ಹಿತ್ತಲಿನ ಕಡೆಗಿತ್ತು. ಬಚ್ಚಲಿನ ಮೇಲೆ ಹೆಂಚಿನ ಸಂದು, ಗೋಡೆಯಲ್ಲಿ ಹೊಗೆ ಹೋಗುವ ಕಿಂಡಿ ಇರುತ್ತಿತ್ತು. ಜೊತೆಗೆ ಸೌದೆಯ ಹೊಗೆ ಕಣ್ಣಿಗೆ ಕಾಣುತ್ತಿತ್ತು, ಕೆಮ್ಮು ತರಿಸುತ್ತಿತ್ತು. ಉಸಿರು ಕಟ್ಟುವ ಮೊದಲೇ ಮನುಷ್ಯ ಎದ್ದು ಹೊರಗೆ ಬರುತ್ತಿದ್ದ.

ಈಗಿನ ಬಚ್ಚಲು ಬೇರೆ. ಆರ್‌ಸಿಸಿ ಸೂರು, ನೆಲದಿಂದ ಸೂರಿನವರೆಗೆ ಟೈಲ್ಸ್, ಸಂದಿಲ್ಲದೆ ಕೂರುವ ಫೈಬರ್ ಬಾಗಿಲು, ಚಳಿಗಾಲದಲ್ಲಿ ಪ್ಲಾಸ್ಟಿಕ್ ಹಾಳೆಯಿಂದ ಮುಚ್ಚಿದ ವೆಂಟಿಲೇಟರ್. ಅದರೊಳಗೆ, ಶವರಿನ ಪಕ್ಕದ ಗೋಡೆಗೆ, ಗೋಡೆ ಗಡಿಯಾರದಷ್ಟೇ ಸಲೀಸಾಗಿ ಒಂದು ಗ್ಯಾಸ್ ಗೀಸರ್ ತೂಗುಹಾಕಿರುತ್ತಾರೆ.

ಈ ಯಂತ್ರದ ಮೂಲ ಇಂಗ್ಲೆಂಡಿನದು. 1868ರಲ್ಲಿ ಲಂಡನ್ನಿನ ಬೆಂಜಮಿನ್ ವಾಡಿ ಮಾನ್ ಎಂಬ ಬಣ್ಣಗಾರ, ನಲ್ಲಿಯ ನೀರನ್ನು ಗ್ಯಾಸಿನ ಉರಿಯಲ್ಲಿ ಹಾಯಿಸಿ ಆಗಿಂದಾಗಲೇ ಬಿಸಿ ಮಾಡುವ ಸಾಧನಕ್ಕೆ ಪೇಟೆಂಟ್ ಪಡೆದ. ಗೀಸರ್ ಎಂಬ ಹೆಸರನ್ನೂ ಅವನೇ ಇಟ್ಟ. ಆ ಮೊದಲ ಗೀಸರ್‌ಗೆ ಹೊಗೆಕೊಳವೆ ಇರಲಿಲ್ಲ, ಸುಟ್ಟ ಅನಿಲವೆಲ್ಲ ಸ್ನಾನದ ಕೋಣೆಯೊಳಗೇ ಉಳಿಯುತ್ತಿತ್ತು. ಆಮೇಲೆ ಬಂದವರು ಹೊಗೆಕೊಳವೆ ಸೇರಿಸಿದರು. ಒಂದೂವರೆ ಶತಮಾನ ಕಳೆದ ಮೇಲೂ ನಮ್ಮ ಅಂಗಡಿಗಳಲ್ಲಿ ಮಾರಾಟವಾಗುವ ಅಗ್ಗದ ಗ್ಯಾಸ್ ಗೀಸರ್‌ಗಳಲ್ಲಿ ಅನೇಕಕ್ಕೆ ಹೊಗೆಕೊಳವೆ ಇರುವುದಿಲ್ಲ. ನೆತ್ತಿಯ ಮೇಲಿನ ಸೀಳುಗಳಿಂದ ಬಿಸಿಗಾಳಿ ನೇರವಾಗಿ ಕೋಣೆಗೇ ಬರುತ್ತದೆ.

ಒಳಗಿನ ಏರ್ಪಾಡು ಸರಳ. ನಲ್ಲಿ ತಿರುಗಿಸಿದಾಗ ಹರಿಯುವ ನೀರಿನ ಒತ್ತಡಕ್ಕೆ ಒಂದು ರಬ್ಬರ್ ಪೊರೆ ಉಬ್ಬಿ ಗ್ಯಾಸಿನ ವಾಲ್ವನ್ನು ತೆರೆಯುತ್ತದೆ. ಕೆಳಗೆ ಕೂರಿಸಿದ ಎರಡು ಬ್ಯಾಟರಿ ಸೆಲ್‌ಗಳು ಟಿಕ್ ಟಿಕ್ ಎಂದು ಕಿಡಿ ಹಾರಿಸುತ್ತವೆ, ಬರ್ನರ್ ಹೊತ್ತಿಕೊಳ್ಳುತ್ತದೆ. ಉರಿಯ ಮೇಲೆ ತಾಮ್ರದ ಸುರುಳಿ ಕೊಳವೆ, ಅದಕ್ಕೆ ತೆಳು ತಗಡಿನ ಪದರಗಳು. ನೀರು ಅದರೊಳಗೆ ಹಾಯ್ದು ಬಿಸಿಯಾಗಿ ಬರುತ್ತದೆ. ನಲ್ಲಿ ನಿಲ್ಲಿಸಿದರೆ ಪೊರೆ ಹಿಂದೆ ಸರಿದು ಗ್ಯಾಸ್ ನಿಲ್ಲುತ್ತದೆ. ಕರೆಂಟು ಬೇಡ, ಕಾಯಬೇಕಾಗಿಲ್ಲ. ಪವರ್ ಕಟ್ಟಿನ ಊರುಗಳಲ್ಲಿ, ಬಾಡಿಗೆ ಮನೆಗಳಲ್ಲಿ, ಹೋಂಸ್ಟೇಗಳಲ್ಲಿ ಇದು ಜನಪ್ರಿಯವಾದದ್ದು ಸಹಜವೇ. ಸಾಧನದಲ್ಲಿ ದೋಷವಿಲ್ಲ. ದೋಷವಿರುವುದು ಅದನ್ನು ಕೂರಿಸುವ ಜಾಗದಲ್ಲಿ.

ಗಾಳಿಯ ಲೆಕ್ಕ

ನಮ್ಮಲ್ಲಿ ಹೆಚ್ಚು ಬಳಕೆಯಲ್ಲಿರುವುದು ನಿಮಿಷಕ್ಕೆ 6 ಲೀಟರ್ ಬಿಸಿನೀರು ಕೊಡುವ ಗೀಸರ್. ಅಷ್ಟು ನೀರಿನ ಶಾಖವನ್ನು 25 ಡಿಗ್ರಿ ಸೆಲ್ಸಿಯಸ್‌ನಷ್ಟು ಏರಿಸಲು ಸುಮಾರು ಹತ್ತೂವರೆ ಕಿಲೋವಾಟ್ ಶಕ್ತಿ ಬೇಕು. ಅಂದರೆ 3 ಕಿಲೋವಾಟ್‌ನ ವಿದ್ಯುತ್ ಗೀಸರ್‌ಗಳು ಮೂರನ್ನು ಒಟ್ಟಿಗೆ ಹಾಕಿದ್ದಕ್ಕಿಂತ ಹೆಚ್ಚು. ಇದಕ್ಕಾಗಿ ನಿಮಿಷಕ್ಕೆ ಸುಮಾರು 16 ಗ್ರಾಂ ಎಲ್‌ಪಿಜಿ ಉರಿಯಬೇಕು. ಪೂರ್ತಿ ಜೋರಿನಲ್ಲಿ ಬಿಟ್ಟರೆ 14.2 ಕಿಲೋದ ಸಿಲಿಂಡರ್ ಹದಿನೈದು ಗಂಟೆಗೆ ಖಾಲಿಯಾಗುವ ವೇಗ ಅದು.

ಆ 16 ಗ್ರಾಂ ಗ್ಯಾಸ್ ಸರಿಯಾಗಿ ಸುಡಲು 200 ಲೀಟರಿಗೂ ಹೆಚ್ಚು ಗಾಳಿ ಬೇಕು, ಅದೂ ಪ್ರತಿ ನಿಮಿಷ. 5 ಅಡಿ ಅಗಲ, 7 ಅಡಿ ಉದ್ದ, 8 ಅಡಿ ಎತ್ತರದ ಬಚ್ಚಲಿನಲ್ಲಿರುವ ಒಟ್ಟು ಗಾಳಿ ಸುಮಾರು 8,000 ಲೀಟರ್. ಹತ್ತು ನಿಮಿಷ ಗೀಸರ್ ಉರಿದರೆ ಅದರಲ್ಲಿ ಕಾಲುಭಾಗದ ಆಮ್ಲಜನಕ ಮುಗಿಯುತ್ತದೆ. ಹೊರಗಿನಿಂದ ಗಾಳಿ ಬರದಿದ್ದರೆ ಶೇಕಡ 21ರಷ್ಟಿದ್ದ ಆಮ್ಲಜನಕ 16ರ ಆಸುಪಾಸಿಗೆ ಇಳಿಯುತ್ತದೆ. ಸುಮ್ಮನೆ ನಿಂತಿರುವ ಮನುಷ್ಯ ನಿಮಿಷಕ್ಕೆ ಬಳಸುವ ಆಮ್ಲಜನಕ ಕಾಲು ಲೀಟರಿಗಿಂತ ತುಸು ಹೆಚ್ಚು, ಈ ಬರ್ನರ್ ಎಳೆದುಕೊಳ್ಳುವುದು ನಲವತ್ತು ಲೀಟರಿಗೂ ಮೇಲೆ. ಗೀಸರ್ ಹಚ್ಚಿ ಬಾಗಿಲು ಹಾಕಿಕೊಂಡ ಹೊತ್ತಿನಲ್ಲಿ, ಆ ಪುಟ್ಟ ಕೋಣೆಯಲ್ಲಿ ಇನ್ನೂ ನೂರಕ್ಕಿಂತ ಹೆಚ್ಚು ಜನ ನಿಂತು ಉಸಿರಾಡುತ್ತಿದ್ದಾರೆ ಎಂದು ತಿಳಿದುಕೊಂಡರೆ ಲೆಕ್ಕ ಸರಿಹೋಗುತ್ತದೆ.

ಬಾಗಿಲ ಸಂದಿನಿಂದ ಒಂದಿಷ್ಟು ಗಾಳಿ ನುಸುಳುವುದರಿಂದಲೇ ಎಷ್ಟೋ ಜನ ಇಂಥ ಬಚ್ಚಲಿನಲ್ಲಿ ವರ್ಷಗಟ್ಟಲೆ ಸ್ನಾನ ಮಾಡಿಯೂ ಬದುಕಿದ್ದಾರೆ. ಚಳಿಗೆ ವೆಂಟಿಲೇಟರ್ ಮುಚ್ಚಿದ ದಿನ, ಹಬ್ಬದ ಬೆಳಿಗ್ಗೆ ಒಬ್ಬರ ಹಿಂದೊಬ್ಬರು ಎಣ್ಣೆಸ್ನಾನಕ್ಕೆ ಹೋದ ದಿನ, ಉದ್ದ ಕೂದಲಿಗೆ ಸೀಗೇಕಾಯಿ ಹಚ್ಚಿ ಅರ್ಧ ಗಂಟೆ ತಲೆ ತೊಳೆದ ದಿನ ಆ ಲೆಕ್ಕ ತಪ್ಪುತ್ತದೆ. ನಿನ್ನೆಯವರೆಗೂ ಏನೂ ಆಗಿಲ್ಲ ಎಂಬುದು ಇವತ್ತಿನ ಸುರಕ್ಷತೆಗೆ ಆಧಾರವಾಗುವುದಿಲ್ಲ.

ಆಮ್ಲಜನಕ ಸಾಕಷ್ಟಿದ್ದಾಗ ಎಲ್‌ಪಿಜಿ ಸುಟ್ಟು ಇಂಗಾಲದ ಡೈ ಆಕ್ಸೈಡ್ ಮತ್ತು ನೀರಾವಿ ಆಗುತ್ತದೆ. ಆಮ್ಲಜನಕ ಕಡಿಮೆಯಾದಂತೆ ಇಂಗಾಲ ಅರ್ಧಕ್ಕೇ ಸುಟ್ಟು ಕಾರ್ಬನ್ ಮಾನಾಕ್ಸೈಡ್ ಹುಟ್ಟತೊಡಗುತ್ತದೆ. ಬಣ್ಣವಿಲ್ಲ, ರುಚಿಯಿಲ್ಲ, ವಾಸನೆಯಿಲ್ಲ, ಕಣ್ಣುರಿಯೂ ಇಲ್ಲ. ಎಲ್‌ಪಿಜಿ ಸೋರಿದರೆ ಗೊತ್ತಾಗಲಿ ಎಂದು ಅದಕ್ಕೆ ಮರ್ಕಾಪ್ಟನ್ ಎಂಬ ಕೆಟ್ಟ ವಾಸನೆಯ ರಾಸಾಯನಿಕ ಬೆರೆಸಿರುತ್ತಾರೆ. ಬರ್ನರ್‌ನಲ್ಲಿ ಗ್ಯಾಸಿನ ಜೊತೆಗೆ ಆ ಮರ್ಕಾಪ್ಟನ್ನೂ ಸುಟ್ಟುಹೋಗುವುದರಿಂದ ಮೂಗು ಕೊಡಬೇಕಾದ ಎಚ್ಚರಿಕೆ ಇಲ್ಲಿ ಸಿಗುವುದಿಲ್ಲ.

ರಕ್ತದೊಳಗೆ ಏನಾಗುತ್ತದೆ

ಕಾರ್ಬನ್ ಮಾನಾಕ್ಸೈಡ್ ಹೇಗೆ ಕೊಲ್ಲುತ್ತದೆ ಎಂಬುದನ್ನು ಫ್ರಾನ್ಸಿನ ಕ್ಲಾಡ್ ಬರ್ನಾರ್ಡ್ 19ನೇ ಶತಮಾನದ ನಡುಭಾಗದಲ್ಲೇ ಬಿಡಿಸಿ ತೋರಿಸಿದ. ಆ ಶತಮಾನದ ಕೊನೆಗೆ ಬ್ರಿಟನ್ನಿನ ಜಾನ್ ಸ್ಕಾಟ್ ಹಾಲ್ಡೇನ್, ಗಣಿಗಳಲ್ಲಿ ಸಾಯುತ್ತಿದ್ದ ಕಾರ್ಮಿಕರಿಗಾಗಿ ಇದೇ ಅನಿಲವನ್ನು ತಾನೇ ಉಸಿರಾಡಿ, ತನ್ನ ರಕ್ತವನ್ನೇ ಪರೀಕ್ಷಿಸಿ ವಿವರಗಳನ್ನು ದಾಖಲಿಸಿದ. ಅವರಿಂದ ತಿಳಿದದ್ದು ಇಷ್ಟು: ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಈ ಅನಿಲ ಅಂಟಿಕೊಳ್ಳುತ್ತದೆ. ಹಾಗೆ ಅಂಟಿಕೊಂಡ ಹಿಮೋಗ್ಲೋಬಿನ್ ಆಮ್ಲಜನಕವನ್ನು ಹೊರಲಾರದು. ಶ್ವಾಸಕೋಶ ಕೆಲಸ ಮಾಡುತ್ತಿರುತ್ತದೆ, ಹೃದಯ ಬಡಿಯುತ್ತಿರುತ್ತದೆ, ಮೆದುಳಿಗೆ ಮಾತ್ರ ಆಮ್ಲಜನಕ ತಲುಪುವುದಿಲ್ಲ.

ಹತ್ತು ಲಕ್ಷ ಪಾಲು ಗಾಳಿಯಲ್ಲಿ 400 ಪಾಲು ಈ ಅನಿಲವಿದ್ದರೆ ಒಂದೆರಡು ಗಂಟೆಯಲ್ಲಿ ತಲೆನೋವು ಬರುತ್ತದೆ. 1,600 ಪಾಲಿದ್ದರೆ ಇಪ್ಪತ್ತು ನಿಮಿಷದಲ್ಲಿ ತಲೆಸುತ್ತು, ವಾಕರಿಕೆ ಬಂದು, ಒಂದು ಗಂಟೆಯೊಳಗೆ ಸಾವು ಬರಬಹುದು. 3,200 ಪಾಲಿಗೆ ಏರಿದರೆ ಐದು ಹತ್ತು ನಿಮಿಷಕ್ಕೇ ತಲೆ ತಿರುಗಿ, ಅರ್ಧ ಗಂಟೆಯೊಳಗೆ ಜೀವಕ್ಕೆ ಕುತ್ತು. ಗರ್ಭಿಣಿಯರಿಗೆ, ಮಕ್ಕಳಿಗೆ, ಹೃದ್ರೋಗ ಇರುವವರಿಗೆ ಇದಕ್ಕಿಂತ ಕಡಿಮೆ ಪ್ರಮಾಣವೂ ಅಪಾಯಕಾರಿ.

ಬಚ್ಚಲಿನಲ್ಲಿ ಈ ಲಕ್ಷಣಗಳು ಮೋಸ ಮಾಡುತ್ತವೆ. ಬಿಸಿನೀರು, ಆವಿ, ಖಾಲಿ ಹೊಟ್ಟೆ ಇರುವಾಗ ತಲೆ ಸುತ್ತಿದರೆ ಯಾರೂ ಗೀಸರ್ ಕಡೆ ನೋಡುವುದಿಲ್ಲ, ಬಿಸಿ ಜಾಸ್ತಿಯಾಯಿತು ಎಂದುಕೊಳ್ಳುತ್ತಾರೆ. ಅಷ್ಟರಲ್ಲಿ ಕೈಕಾಲಿನ ಶಕ್ತಿ ಕುಂದಿರುತ್ತದೆ. ಬಾಗಿಲು ತೆಗೆಯಬೇಕು ಎಂದು ಗೊತ್ತಾಗುತ್ತದೆ, ಆದರೆ ಎದ್ದು ನಿಲ್ಲಲು ಆಗುವುದಿಲ್ಲ, ಚಿಲಕದವರೆಗೆ ಕೈ ಏರುವುದಿಲ್ಲ. ಬದುಕಿ ಬಂದವರಲ್ಲಿ ಅನೇಕರು ಹೇಳುವುದು ಇದನ್ನೇ.

ಬಚ್ಚಲಲ್ಲಿ ಬಂದ ಫಿಟ್ಸ್

ಕರ್ನಾಟಕಕ್ಕೇ ವಿಶೇಷವಾದ ಇನ್ನೊಂದು ತೊಡಕಿದೆ. ತಲೆಗೆ ಬಿಸಿನೀರು ಹುಯ್ದುಕೊಂಡಾಗ ಫಿಟ್ಸ್ ಬರುವ ಒಂದು ಬಗೆಯ ಮೂರ್ಛೆರೋಗ ನಮ್ಮ ರಾಜ್ಯದಲ್ಲಿ, ಅದರಲ್ಲೂ ದಕ್ಷಿಣದ ಜಿಲ್ಲೆಗಳಲ್ಲಿ, ಜಗತ್ತಿನ ಬೇರೆ ಕಡೆಗಳಿಗಿಂತ ಹೆಚ್ಚು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಡಾ. ಪಿ. ಸತೀಶ್‌ಚಂದ್ರ ಮತ್ತು ಅವರ ಸಹೋದ್ಯೋಗಿಗಳು ಇದನ್ನು ದಶಕಗಳ ಕಾಲ ಅಧ್ಯಯನ ಮಾಡಿದ್ದಾರೆ. ಹೀಗಾಗಿ ಸ್ನಾನ ಮಾಡುವಾಗ ಯಾರಾದರೂ ಬಿದ್ದು ಕೈಕಾಲು ಸೆಟೆದುಕೊಂಡರೆ ಇಲ್ಲಿನ ವೈದ್ಯರಿಗೆ ಮೊದಲು ನೆನಪಾಗುವುದು ಈ ಬಿಸಿನೀರಿನ ಫಿಟ್ಸ್.

ಗ್ಯಾಸ್ ಗೀಸರ್ ಮನೆಮನೆಗೆ ಬಂದ ಮೇಲೆ ಬೆಂಗಳೂರಿನ ನರರೋಗ ತಜ್ಞರ ಬಳಿ ಬೇರೆ ಬಗೆಯವರು ಬರತೊಡಗಿದರು. ಹಿಂದೆ ಎಂದೂ ಫಿಟ್ಸ್ ಬಾರದವರು, ಮನೆಯಲ್ಲಿ ಯಾರಿಗೂ ಆ ಕಾಯಿಲೆ ಇಲ್ಲದವರು, ಬಚ್ಚಲಿನಲ್ಲಿ ಪ್ರಜ್ಞೆ ತಪ್ಪಿ ಬಿದ್ದವರು. ಎಂಆರ್‌ಐ, ಇಇಜಿಗಳಲ್ಲಿ ಹಲವರಿಗೆ ಏನೂ ಕಾಣುತ್ತಿರಲಿಲ್ಲ. ಎಲ್ಲರ ಮನೆಯಲ್ಲೂ ಇದ್ದದ್ದು ಒಂದೇ, ಬಚ್ಚಲೊಳಗಿನ ಗ್ಯಾಸ್ ಗೀಸರ್. ವೈದ್ಯಕೀಯ ನಿಯತಕಾಲಿಕೆಗಳಲ್ಲಿ ಇದಕ್ಕೆ ಗ್ಯಾಸ್ ಗೀಸರ್ ಸಿಂಡ್ರೋಮ್ ಎಂಬ ಹೆಸರೇ ಬಂತು.

ಈ ವ್ಯತ್ಯಾಸ ಗೊತ್ತಿರುವುದು ಬಹಳ ಮುಖ್ಯ. ಬಿಸಿನೀರಿನ ಫಿಟ್ಸ್ ಎಂದು ತಿಳಿದು ಮಾತ್ರೆ ಕೊಟ್ಟು ಕಳಿಸಿದರೆ, ಆ ವ್ಯಕ್ತಿ ವಾರದೊಳಗೆ ಅದೇ ಬಚ್ಚಲಿಗೆ ಮತ್ತೆ ಹೋಗುತ್ತಾರೆ. ಬೇಕಾದದ್ದು ಮಾತ್ರೆಯಲ್ಲ, ಗೀಸರ್ ಅನ್ನು ಅಲ್ಲಿಂದ ತೆಗೆಸುವುದು. ಆದ್ದರಿಂದ ಸ್ನಾನದಲ್ಲಿ ಬಿದ್ದವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋದವರು, ವೈದ್ಯರು ಕೇಳಲಿ ಬಿಡಲಿ, “ಬಚ್ಚಲಲ್ಲಿ ಗ್ಯಾಸ್ ಗೀಸರ್ ಇದೆ, ಬಾಗಿಲು ಹಾಕಿತ್ತು, ಇಷ್ಟು ಹೊತ್ತು ಉರಿದಿತ್ತು” ಎಂದು ತಾವಾಗಿಯೇ ಹೇಳಬೇಕು.

ಎಲ್ಲಿ ಕೂರಿಸಬೇಕು

ಗೀಸರ್ ತಯಾರಕರ ಕೈಪಿಡಿಗಳಲ್ಲೇ, ಬಚ್ಚಲಿನ ಒಳಗೆ ಅಳವಡಿಸಬೇಡಿ ಎಂಬ ಸೂಚನೆ ಸಾಮಾನ್ಯವಾಗಿ ಇರುತ್ತದೆ. ಆ ಪುಸ್ತಕ ಪೆಟ್ಟಿಗೆಯಲ್ಲೇ ಉಳಿಯುತ್ತದೆ. “ಒಳಗೇ ಹಾಕ್ಬಿಡ್ತೀನಿ ಅಕ್ಕಾ, ಪೈಪಿನ ಖರ್ಚು ಉಳಿಯುತ್ತೆ” ಎನ್ನುವ ಕೆಲಸಗಾರ, “ಹೌದಪ್ಪ, ಹಾಗೇ ಮಾಡು” ಎನ್ನುವ ಮನೆಯವರು. ಉಳಿಯುವುದು ನಾಲ್ಕಾರು ಅಡಿ ಬಿಸಿನೀರಿನ ಪೈಪು, ಒಂದೆರಡು ಎಲ್ಬೋ, ಗೋಡೆಗೆ ಒಂದು ತೂತು ಕೊರೆಯುವ ಕೂಲಿ.

ಹೊಗೆಕೊಳವೆ ಇಲ್ಲದ ಗೀಸರ್ ಇರಬೇಕಾದದ್ದು ಬಚ್ಚಲಿನ ಹೊರಗೋಡೆಯ ಮೇಲೆ, ಬಯಲಿಗೆ ತೆರೆದುಕೊಂಡ ಯುಟಿಲಿಟಿಯಲ್ಲಿ, ಬಾಲ್ಕನಿಯಲ್ಲಿ ಅಥವಾ ಹಿತ್ತಲಲ್ಲಿ. ಅಲ್ಲಿಂದ ಬಿಸಿನೀರು ಮಾತ್ರ ಪೈಪಿನಲ್ಲಿ ಒಳಗೆ ಬರಬೇಕು. ಮಳೆ ಹೊಡೆಯದಂತೆ ಮೇಲೊಂದು ಸಜ್ಜೆ ಇದ್ದರೆ ಸಾಕು. ಗಾಜಿನ ಕಿಂಡಿಯಲ್ಲಿ ಉರಿ ಕಾಣುವಂತೆ ಕಣ್ಣಿನ ಎತ್ತರಕ್ಕೆ ಕೂರಿಸಬೇಕು. ಗೀಸರ್‌ನ ನೆತ್ತಿಯ ಮೇಲೆ ಬಟ್ಟೆ ಒಣಹಾಕುವ ತಂತಿ, ಪ್ಲಾಸ್ಟಿಕ್ ಸಾಮಾನು, ಮರದ ಕಪಾಟು ಯಾವುದೂ ಇರಬಾರದು.

ಹೊರಗೆ ಎಂದ ಮಾತ್ರಕ್ಕೆ ಮುಗಿಯಲಿಲ್ಲ. ಬೆಂಗಳೂರಿನ ಫ್ಲ್ಯಾಟುಗಳಲ್ಲಿ ಯುಟಿಲಿಟಿಗೆ ಜಾರುವ ಗಾಜಿನ ಕಿಟಕಿ ಹಾಕಿಸಿ ಪೂರ್ತಿ ಮುಚ್ಚುವ ರೂಢಿಯಿದೆ. ಕಿಟಕಿ ಹಾಕಿದ ಯುಟಿಲಿಟಿ ಮತ್ತೊಂದು ಕೋಣೆಯೇ. ಅಲ್ಲಿ ಹುಟ್ಟಿದ ಅನಿಲ ಅಡುಗೆಮನೆಗೆ ಬರುತ್ತದೆ. ನಾಲ್ಕೂ ಕಡೆ ಗೋಡೆಯಿರುವ ಕಿರಿದಾದ ಡಕ್ಟಿಗೆ ಗೀಸರ್ ಕೂರಿಸಿದರೆ ಮೇಲಿನ ಮಹಡಿಯವರ ವೆಂಟಿಲೇಟರ್ ಮೂಲಕ ಅವರ ಬಚ್ಚಲಿಗೆ ನುಗ್ಗುತ್ತದೆ. ನಮ್ಮದೇ ಬಚ್ಚಲಿನ ವೆಂಟಿಲೇಟರ್ ಅಥವಾ ಮಲಗುವ ಕೋಣೆಯ ಕಿಟಕಿಯ ಕೆಳಗೇ ಗೀಸರ್ ತೂಗುಹಾಕಿದರೂ ಅಷ್ಟೇ, ಬಿಸಿಗಾಳಿ ಮೇಲೇರಿ ಮತ್ತೆ ಒಳಗೇ ಬರುತ್ತದೆ.

ಹೊಗೆಕೊಳವೆ ಇರುವ ಮಾದರಿಗಳಿವೆ. ಕೊಳವೆ ಮೇಲ್ಮುಖವಾಗಿ ಏರುತ್ತ, ಹೆಚ್ಚು ತಿರುವಿಲ್ಲದೆ, ಬಯಲಿನಲ್ಲಿ ಕೊನೆಯಾಗಬೇಕು. ಇದನ್ನೂ ಬಚ್ಚಲೊಳಗೆ ಇಡುವುದು ಸರಿಯಲ್ಲ. ಕಾರಣ, ಉರಿಯಲು ಬೇಕಾದ ಗಾಳಿಯನ್ನು ಅದು ಕೋಣೆಯಿಂದಲೇ ಎಳೆದುಕೊಳ್ಳುತ್ತದೆ. ಅದರ ಜೊತೆಗೆ ಎಕ್ಸಾಸ್ಟ್ ಫ್ಯಾನ್ ಹಾಕಿದರೆ, ಫ್ಯಾನಿನ ಸೆಳೆತಕ್ಕೆ ಕೊಳವೆಯ ಅನಿಲ ಹಿಂದಿರುಗಿ ಒಳಗೆ ಬರುವ ಸಾಧ್ಯತೆಯೂ ಇದೆ. ಎಕ್ಸಾಸ್ಟ್ ಇದ್ದರೆ ಸಾಕು ಎಂಬ ನಂಬಿಕೆಯನ್ನು ಬಿಡುವುದೊಳ್ಳೆಯದು. ಉರಿಯುವ ಗಾಳಿಯನ್ನು ಹೊರಗಿನಿಂದ ಎಳೆದು, ಹೊಗೆಯನ್ನು ಹೊರಗೇ ಬಿಡುವ, ಕೋಣೆಯ ಗಾಳಿಗೆ ಸಂಬಂಧವೇ ಇಲ್ಲದಂತೆ ಪೂರ್ತಿ ಮುಚ್ಚಿದ ಗೀಸರ್‌ಗಳೂ ಇವೆ. ಬ್ರಿಟನ್ನಿನ 1998ರ ಗ್ಯಾಸ್ ಸುರಕ್ಷತಾ ನಿಯಮಗಳು ಸ್ನಾನದ ಕೋಣೆಯಲ್ಲಿ ಇಂಥವನ್ನು ಬಿಟ್ಟು ಬೇರೆ ಯಾವುದೇ ಗ್ಯಾಸ್ ಉಪಕರಣ ಅಳವಡಿಸುವುದನ್ನು ನಿಷೇಧಿಸಿವೆ. ಬಾಡಿಗೆ ಮನೆಗಳ ಗ್ಯಾಸ್ ಉಪಕರಣಗಳನ್ನು ವರ್ಷಕ್ಕೊಮ್ಮೆ ಅರ್ಹರಿಂದ ಪರೀಕ್ಷೆ ಮಾಡಿಸುವುದು ಅಲ್ಲಿ ಮನೆಮಾಲೀಕರ ಕಾನೂನಿನ ಹೊಣೆ.

ಕೊಳ್ಳುವಾಗ ಐಎಸ್‌ಐ ಗುರುತು ಮತ್ತು ಐಎಸ್ 15558 ಎಂಬ ಸಂಖ್ಯೆ ನೋಡಿ, ಎಲ್‌ಪಿಜಿಯಿಂದ ನಡೆಯುವ ಮನೆಬಳಕೆಯ ಪುಟ್ಟ ಗೀಸರ್‌ಗಳಿಗೆ ಭಾರತೀಯ ಮಾನಕ ಬ್ಯೂರೊ ಗೊತ್ತುಮಾಡಿದ ಮಾನದಂಡ ಅದು. ಉರಿ ಆರಿದರೆ ಗ್ಯಾಸ್ ನಿಲ್ಲಿಸುವ, ಇಪ್ಪತ್ತು ನಿಮಿಷಕ್ಕೆ ತಾನಾಗಿ ಆರುವ, ಆಮ್ಲಜನಕ ಇಳಿದರೆ ನಿಲ್ಲುವ ಏರ್ಪಾಡುಗಳು ಕೆಲವು ಮಾದರಿಗಳಲ್ಲಿವೆ. ಇದ್ದರೆ ಒಳ್ಳೆಯದೇ. ಅವುಗಳನ್ನು ನಂಬಿ ಬಚ್ಚಲೊಳಗೆ ಇಡುವಂತಿಲ್ಲ.

ಸಿಲಿಂಡರ್ ನೆಟ್ಟಗೆ, ಗಾಳಿಯಾಡುವ ಜಾಗದಲ್ಲಿ, ನೆಲಮಟ್ಟಕ್ಕಿಂತ ತಗ್ಗಿಲ್ಲದ ಕಡೆ ನಿಂತಿರಬೇಕು. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ಸಂಪಿನ ಬಾಯಿಗೆ, ಚರಂಡಿಯ ತೂತಿಗೆ ಇಳಿದು ಕೂರುತ್ತದೆ. ಕಿತ್ತಳೆ ಬಣ್ಣದ ಸುರಕ್ಷಾ ಪೈಪನ್ನು ಗೋಡೆಯೊಳಗೆ ತೂರಿಸಬಾರದು, ಉದ್ದ ಒಂದೂವರೆ ಮೀಟರ್ ದಾಟಬಾರದು, ಐದು ವರ್ಷಕ್ಕೊಮ್ಮೆ ಬದಲಿಸಬೇಕು. ಒಲೆಯ ರಬ್ಬರ್ ಪೈಪು ಕತ್ತರಿಸಿ ಟಿ ಹಾಕಿ ಗೀಸರ್‌ಗೆ ಎಳೆಯುವುದು ತಪ್ಪು. ದೂರವಿದ್ದರೆ ತಾಮ್ರದ ಕೊಳವೆ ಹಾಕಿಸಿ, ಅದನ್ನು ಬಲ್ಲವರಿಂದಲೇ ಮಾಡಿಸಬೇಕು. ಬಡಾವಣೆಗೆ ಪೈಪ್ ಗ್ಯಾಸ್ ಬಂದ ಮೇಲೆ ಹಳೆಯ ಎಲ್‌ಪಿಜಿ ಗೀಸರ್ ಅನ್ನು ಹಾಗೇ ಅದಕ್ಕೆ ಜೋಡಿಸುವಂತಿಲ್ಲ. ಎರಡೂ ಅನಿಲಗಳ ಒತ್ತಡ ಬೇರೆ, ಬರ್ನರ್‌ನ ಜೆಟ್ ಬೇರೆ.

ಉರಿ ಏನು ಹೇಳುತ್ತದೆ

ಆರೋಗ್ಯವಾಗಿರುವ ಉರಿ ನೀಲಿ, ಸ್ಥಿರ. ಹಳದಿ ಬಣ್ಣಕ್ಕೆ ತಿರುಗಿ ಓಲಾಡತೊಡಗಿದರೆ ಗಾಳಿ ಸಾಲುತ್ತಿಲ್ಲ ಎಂದರ್ಥ. ಗೀಸರ್‌ನ ಮೇಲ್ಭಾಗದಲ್ಲಿ, ಗೋಡೆಯ ಮೇಲೆ ಮಸಿ ಕಾಣಿಸಿದರೆ ಅಂದೇ ನಿಲ್ಲಿಸಬೇಕು. ತಾಮ್ರದ ಪದರಗಳ ನಡುವೆ ಮಸಿ ಕಟ್ಟಿಕೊಂಡು ಬಿಸಿಗಾಳಿಗೆ ದಾರಿಯಿಲ್ಲದಂತಾಗಿರುತ್ತದೆ, ಬರ್ನರ್‌ನ ಕೊಳವೆಯಲ್ಲಿ ಜೇಡ ಬಲೆ ಕಟ್ಟಿರುತ್ತದೆ. ಇವು ಗೀಸರ್ ಹೊರಗಿದ್ದರೂ ಆಗುವಂಥವು. ವರ್ಷಕ್ಕೊಮ್ಮೆ, ಚಳಿಗೆ ಮುಂಚೆ ಬಿಚ್ಚಿ ಶುಚಿ ಮಾಡಿಸಿದರೆ ಸರಿಹೋಗುತ್ತದೆ.

ಬ್ಯಾಟರಿ ಸೆಲ್ ಬಲ ಕುಂದಿದಾಗ ಕಿಡಿ ತಡವಾಗಿ ಹಾರುತ್ತದೆ. ಅಷ್ಟರಲ್ಲಿ ಒಳಗೆ ತುಂಬಿಕೊಂಡ ಗ್ಯಾಸ್ ಒಮ್ಮೆಲೇ ಹೊತ್ತಿ ಢಬ್ ಎಂಬ ಸದ್ದು ಬರುತ್ತದೆ. ಆ ಸದ್ದು ಎರಡನೇ ಸಲ ಕೇಳುವವರೆಗೆ ಕಾಯಬಾರದು, ಸೆಲ್ ಬದಲಿಸಬೇಕು. ಬೋರ್‌ವೆಲ್‌ನ ಗಡಸು ನೀರು ಬಳಸುವ ಮನೆಗಳಲ್ಲಿ ಸುರುಳಿಯೊಳಗೆ ಸುಣ್ಣ ಕಟ್ಟುತ್ತದೆ, ರಬ್ಬರ್ ಪೊರೆ ಸಿಕ್ಕಿಕೊಳ್ಳುತ್ತದೆ. ನಲ್ಲಿ ನಿಲ್ಲಿಸಿದರೂ ಉರಿ ಆರದೇ ಇರಬಹುದು, ಮುಂದಿನ ಸಲ ನಲ್ಲಿ ತೆರೆದಾಗ ಕುದಿಯುವ ನೀರು ಮೈಮೇಲೆ ಬೀಳಬಹುದು. ನಲ್ಲಿ ನಿಲ್ಲಿಸಿದ ಕೂಡಲೇ ಕಿಂಡಿಯಲ್ಲಿ ಉರಿ ಆರಿದೆಯೇ ಎಂದು ಆಗಾಗ ನೋಡುವುದು ಒಳ್ಳೆಯ ಅಭ್ಯಾಸ. ಸ್ನಾನ ಮುಗಿದ ಮೇಲೆ ರೆಗ್ಯುಲೇಟರ್ ಬಂದ್ ಮಾಡಬೇಕು.

ಕಾರ್ಬನ್ ಮಾನಾಕ್ಸೈಡ್ ಅಲಾರಂ ಸಿಗುತ್ತದೆ. ಎಲ್‌ಪಿಜಿ ಸೋರಿಕೆಯ ಅಲಾರಂ ಬೇರೆ, ಇದು ಬೇರೆ. ಒಂದು ಇನ್ನೊಂದರ ಕೆಲಸ ಮಾಡುವುದಿಲ್ಲ. ಇಎನ್ 50291 ಎಂಬ ಯುರೋಪಿನ ಮಾನದಂಡ ನಮೂದಾಗಿರುವ ಅಲಾರಂ, ಹತ್ತು ಲಕ್ಷಕ್ಕೆ 300 ಪಾಲು ಅನಿಲ ಕಂಡರೆ ಮೂರು ನಿಮಿಷದೊಳಗೆ ಕೂಗಬೇಕು. ಬಚ್ಚಲಿನ ಆವಿಯಲ್ಲಿ ಅದು ಕೆಡುವುದರಿಂದ ಪಕ್ಕದ ಕೋಣೆಯಲ್ಲಿ ಇಡಬೇಕು.

ಯಾರಾದರೂ ಬಿದ್ದಿದ್ದರೆ

ಮೊದಲು ಬಾಗಿಲು, ಕಿಟಕಿ ತೆರೆಯಬೇಕು. ಇನ್ನೊಬ್ಬರು ಸಿಲಿಂಡರ್ ಬಂದ್ ಮಾಡಲಿ. ಉಸಿರು ಬಿಗಿಹಿಡಿದು ಒಳಹೋಗಿ, ಬಿದ್ದವರನ್ನು ಕೂಡಲೇ ಬಯಲಿಗೆ ಎಳೆದು ತರಬೇಕು, ಒಳಗೇ ಕೂತು ಎಬ್ಬಿಸಲು ಹೊರಟರೆ ಎಬ್ಬಿಸುವವರೂ ಬೀಳುತ್ತಾರೆ. 108ಕ್ಕೆ ಕರೆ ಮಾಡಬೇಕು. ಉಸಿರಾಟ ನಿಂತಿದ್ದರೆ ಎದೆ ಒತ್ತುವ ಚಿಕಿತ್ಸೆ ತಕ್ಷಣ ಶುರುಮಾಡಬೇಕು. ಕೈಗೆ ಕಬ್ಬಿಣದ ಬೀಗದಕೈ ಕೊಡುವುದು, ಈರುಳ್ಳಿ ಮೂಸಿಸುವುದು, ಬಾಯಿಗೆ ನೀರು ಬಿಡುವುದು ಬೇಡ. ಆ ನಿಮಿಷಗಳೆಲ್ಲ ಆಮ್ಲಜನಕಕ್ಕೆ ಸೇರಬೇಕಾದವು.

ಕೋವಿಡ್ ಕಾಲದಲ್ಲಿ ಮನೆಮನೆಗೆ ಬಂದ ಬೆರಳಿನ ಆಕ್ಸಿಮೀಟರ್ ಇಲ್ಲಿ ದಾರಿ ತಪ್ಪಿಸುತ್ತದೆ. ಕಾರ್ಬನ್ ಮಾನಾಕ್ಸೈಡ್ ಹಿಡಿದ ರಕ್ತಕ್ಕೂ ಆಮ್ಲಜನಕ ಹೊತ್ತ ರಕ್ತಕ್ಕೂ ಅದಕ್ಕೆ ವ್ಯತ್ಯಾಸ ಗೊತ್ತಾಗುವುದಿಲ್ಲ. ರೋಗಿಯ ಮೆದುಳು ಸೊರಗುತ್ತಿರುವಾಗಲೂ 98 ಎಂದು ತೋರಿಸಬಲ್ಲದು. ಆಸ್ಪತ್ರೆಯಲ್ಲಿ ಕೋ-ಆಕ್ಸಿಮೀಟರ್ ಬಳಸಿ ಮಾಡುವ ರಕ್ತಪರೀಕ್ಷೆಯೇ ಬೇಕು. ಚಿಕಿತ್ಸೆ ಎಂದರೆ ಆಮ್ಲಜನಕ. ಮಾಮೂಲಿ ಗಾಳಿಯಲ್ಲಿ ರಕ್ತದ ಈ ವಿಷ ಅರ್ಧಕ್ಕೆ ಇಳಿಯಲು ನಾಲ್ಕೈದು ಗಂಟೆ ಹಿಡಿದರೆ, ಮಾಸ್ಕಿನ ಮೂಲಕ ಶುದ್ಧ ಆಮ್ಲಜನಕ ಕೊಟ್ಟಾಗ ಒಂದರಿಂದ ಒಂದೂವರೆ ಗಂಟೆ ಸಾಕು.

ಎಚ್ಚರವಾಯಿತು, ಎದ್ದು ಕೂತರು ಎಂದು ಮನೆಗೆ ಕರೆದುಕೊಂಡು ಬಂದು ಮಲಗಿಸುವುದು ಸರಿಯಲ್ಲ. ಕೆಲವರಲ್ಲಿ ಎಲ್ಲ ಸರಿಹೋದಂತೆ ಕಂಡು, ದಿನಗಳೋ ವಾರಗಳೋ ಕಳೆದ ಮೇಲೆ ಮರೆವು, ನಡಿಗೆಯಲ್ಲಿ ಬಿಗಿತ, ಸ್ವಭಾವದಲ್ಲಿ ಬದಲಾವಣೆ ಶುರುವಾಗುತ್ತದೆ. ಇದು ಮೆದುಳಿಗೆ ಆದ ಪೆಟ್ಟು. ವೈದ್ಯರ ಕಣ್ಗಾವಲು ಕೆಲವು ವಾರವಾದರೂ ಬೇಕಾಗುತ್ತದೆ. ಇನ್ನು ಗ್ಯಾಸಿನ ವಾಸನೆ ಬಂದು ನಿಜವಾಗಿಯೂ ಸೋರಿಕೆ ಎನಿಸಿದರೆ ಸ್ವಿಚ್ ಮುಟ್ಟದೆ, ಸಿಲಿಂಡರ್ ಬಂದ್ ಮಾಡಿ, 1906ಕ್ಕೆ ಕರೆ ಮಾಡಬೇಕು. ಎಲ್‌ಪಿಜಿ ಸೋರಿಕೆಗೆಂದೇ ಇರುವ ತುರ್ತು ಸಂಖ್ಯೆ ಅದು.

ಈಗಾಗಲೇ ಒಳಗಿದ್ದರೆ

ಬಾಡಿಗೆದಾರರ ಕಷ್ಟ ಬೇರೆ. ಗೀಸರ್ ಓನರ್‌ದು, ಗೋಡೆ ಓನರ್‌ದು. ಹೊರಗೆ ಹಾಕಿಸಿಕೊಡಿ ಎಂದು ಕೇಳುವುದಕ್ಕೆ ಸಂಕೋಚ ಪಡಬೇಕಾಗಿಲ್ಲ. ಮನೆ ನೋಡಲು ಹೋದಾಗ ನೀರು ಎಷ್ಟು ಹೊತ್ತು ಬರುತ್ತದೆ ಎಂದು ವಿಚಾರಿಸುವಂತೆ ಗೀಸರ್ ಎಲ್ಲಿದೆ ಎಂದೂ ನೋಡಬೇಕು. ಮಕ್ಕಳನ್ನು ಪೇಯಿಂಗ್ ಗೆಸ್ಟ್‌ಗೆ ಬಿಟ್ಟುಬರುವ ಅಪ್ಪ ಅಮ್ಮ, ಹೋಂಸ್ಟೇಗೆ ಹೋಗುವ ಕುಟುಂಬದವರು ಬಚ್ಚಲಿನ ಬಾಗಿಲು ತೆರೆದು ಒಮ್ಮೆ ಕಣ್ಣಾಡಿಸುವುದಕ್ಕೆ ಅರ್ಧ ನಿಮಿಷ ಸಾಕು.

ಗೀಸರ್ ಹೊರಗೆ ಹೋಗುವವರೆಗಿನ ಮಾತು ಇಷ್ಟು. ಬಚ್ಚಲ ಬಾಗಿಲು, ವೆಂಟಿಲೇಟರ್ ಪೂರ್ತಿ ತೆರೆದಿಟ್ಟು, ಒಳಗೆ ಯಾರೂ ಇಲ್ಲದಾಗ ಬಕೆಟ್‌ಗೆ ಬಿಸಿನೀರು ತುಂಬಿಸಿ, ಗೀಸರ್ ಆರಿಸಿ, ರೆಗ್ಯುಲೇಟರ್ ಬಂದ್ ಮಾಡಬೇಕು. ಒಳಗಿನ ಗಾಳಿ ಹೊರಹೋಗಲು ಸಮಯ ಕೊಟ್ಟು ಆಮೇಲೆ ಸ್ನಾನಕ್ಕೆ ಹೋಗಬೇಕು. ಶವರ್ ಬೇಡ, ಸ್ನಾನ ಮಾಡುತ್ತಿರುವಾಗ ಗೀಸರ್ ಉರಿಯುವುದು ಬೇಡವೇ ಬೇಡ. ಒಳಗಿನ ಚಿಲಕದ ಬದಲು ಹೊರಗಿನಿಂದಲೂ ತೆಗೆಯಬಹುದಾದ ಲಾಕ್ ಹಾಕಿಸಬೇಕು. ಬಾಗಿಲು ಒಳಮುಖವಾಗಿ ತೆರೆದುಕೊಳ್ಳುವಂತಿದ್ದರೆ ಬಿದ್ದವರ ಮೈಯೇ ಅಡ್ಡವಾಗಿ ಬಾಗಿಲು ಸರಿಯುವುದಿಲ್ಲ, ಹೊರಮುಖವಾಗಿ ತೆರೆಯುವ ಬಾಗಿಲಿಗೆ ಆ ತೊಂದರೆಯಿಲ್ಲ.

ಕೆಲವು ಮನೆಗಳಲ್ಲಿ ಬಯಲಿಗೆ ತೆರೆದ ಗೋಡೆಯೇ ಇರುವುದಿಲ್ಲ. ಮುಂದೊಂದು ಬಾಗಿಲು, ಹಿಂದೆ ಪಕ್ಕದ ಕಟ್ಟಡ. ಅಂಥ ಮನೆಗೆ ಗ್ಯಾಸ್ ಗೀಸರ್ ಹೊಂದುವುದಿಲ್ಲ, ಹಣ ಸ್ವಲ್ಪ ಹೆಚ್ಚಾದರೂ ವಿದ್ಯುತ್ ಗೀಸರ್ ಅಥವಾ ಮಹಡಿ ಮೇಲಿನ ಸೋಲಾರ್ ಸರಿ. ಹೊಸ ಮನೆ ಕಟ್ಟಿಸುತ್ತಿರುವವರಿಗೆ ಈ ಯಾವ ತಾಪತ್ರಯವೂ ಬೇಕಾಗಿಲ್ಲ. ಟೈಲ್ಸ್ ಹಾಕುವ ಮೊದಲು, ಪ್ಲಂಬರ್ ಗೋಡೆಯಲ್ಲಿ ಪೈಪಿನ ಗೆರೆ ಎಳೆಯುವ ದಿನ ಅಲ್ಲಿದ್ದು, ಬಿಸಿನೀರಿನ ಪಾಯಿಂಟನ್ನು ಬಚ್ಚಲಿನ ಹೊರಗೋಡೆಗೆ ತರಿಸಿಕೊಂಡರೆ, ಮುಂದೆ ಆ ಮನೆಗೆ ಬಾಡಿಗೆಗೆ ಬರುವವರಿಗೂ ಗೀಸರ್ ಒಳಗೆ ಕೂರಿಸುವ ಪ್ರಸಂಗ ಬರುವುದಿಲ್ಲ.